ಮೇಲಿನವರು ಬದಲಾದರೆ ಕಾರ್ಟೂನ್ ಸಿನಿಮಾನೂ ಬದಲಾಗುತ್ತಾ?

ಪ್ರಶ್ನೆ: ಸ್ಟುಡಿಯೋ ಒಂದೇ, ಕಲಾವಿದರೂ ಹೆಚ್ಚುಕಮ್ಮಿ ಅವರೇ. ಆದರೂ ಡಿಸ್ನಿಯ ಅನಿಮೇಷನ್ ಸಿನಿಮಾಗಳು ಕೆಲವು ವರ್ಷ ಸಪ್ಪೆ, ಕೆಲವು ವರ್ಷ ಸೊಗಸು. ಯಾಕೆ?

ಉತ್ತರ: ಮುಖ್ಯ ಕಾರಣ ಮೇಲೆ ಕೂತವರು ಅಂತಲೇ ನನ್ನ ನಂಬಿಕೆ. 'ಟಾಯ್ ಸ್ಟೋರಿ'ಯನ್ನೇ ನೋಡಿ. ಕಥೆ ಇನ್ನೂ ಖಾರವಾಗಿರಲಿ ಅಂತ ಡಿಸ್ನಿ ಸಿನಿಮಾ ವಿಭಾಗದ ಆಗಿನ ಮುಖ್ಯಸ್ಥ ಜೆಫ್ರಿ ಕ್ಯಾಟ್ಜನ್‌ಬರ್ಗ್ ಪಟ್ಟು ಹಿಡಿದಿದ್ದರು. ಡಿಸ್ನಿಗಾಗಿ ಆ ಸಿನಿಮಾ ಮಾಡುತ್ತಿದ್ದ, ಆಗ ಬೇರೆಯೇ ಕಂಪನಿಯಾಗಿದ್ದ ಪಿಕ್ಸಾರ್‌ನವರು ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. 1993ರ ನವೆಂಬರ್‌ನಲ್ಲಿ ಕರಡು ತೋರಿಸಿದಾಗ ನಾಯಕನಾದ ಆಟಿಕೆ ವುಡಿ, ಇನ್ನೊಂದು ಆಟಿಕೆ ಬಜ್‌ನನ್ನು ಬೇಕಂತಲೇ ಕಿಟಕಿಯಿಂದ ಆಚೆ ತಳ್ಳುವ ಕೆಟ್ಟವನಾಗಿದ್ದ! ಯಾವ ಮಗು ಅವನನ್ನು ಇಷ್ಟಪಡುತ್ತೆ, ಹೇಳಿ? ಕೆಲಸ ನಿಂತಿತು. ಆಮೇಲೆ ತಂಡ ತನಗೆ ಸರಿ ಕಂಡಂತೆ ಕಥೆ ತಿದ್ದಿತು. 1995ರಲ್ಲಿ ತೆರೆಗೆ ಬಂದದ್ದು ಹೀಗೆ ತಿದ್ದಿದ ವುಡಿ.

ಪಿಕ್ಸಾರ್ ಸ್ಥಾಪಕರಲ್ಲೊಬ್ಬರಾದ ಎಡ್ ಕ್ಯಾಟ್ಮಲ್ ಮುಂದೆ ಬೆಳೆಸಿದ ಪದ್ಧತಿ ನನಗೆ ತುಂಬಾ ಇಷ್ಟ. ಅರೆಬರೆ ಸಿನಿಮಾ ನೋಡಿ ಇತರ ನಿರ್ದೇಶಕರು ತಪ್ಪನ್ನು ಮುಖಕ್ಕೇ ಹೇಳುತ್ತಾರೆ. ಆದರೆ ಅದನ್ನು ಪಾಲಿಸಲೇಬೇಕು ಅಂತಿಲ್ಲ, ಕೊನೆಯ ಮಾತು ನಿರ್ದೇಶಕರದ್ದೇ. 2006ರಲ್ಲಿ ಡಿಸ್ನಿ ಪಿಕ್ಸಾರ್ ಅನ್ನು ಕೊಂಡಾಗ ಕ್ಯಾಟ್ಮಲ್ ಮತ್ತು 'ಟಾಯ್ ಸ್ಟೋರಿ'ಯ ನಿರ್ದೇಶಕ ಜಾನ್ ಲ್ಯಾಸೆಟರ್ ಎರಡೂ ಕಡೆಯ ಅನಿಮೇಷನ್ ಸ್ಟುಡಿಯೋಗಳ ಹೊಣೆ ಹೊತ್ತರು. ಡಿಸ್ನಿಯಲ್ಲೂ ಇದೇ ರೂಢಿಯಾಯಿತು. ಫಲ ಕಾಣಲು ಸಮಯ ಹಿಡಿಯಿತು, ಒಂದು ಸಿನಿಮಾಗೇ ಹಲವು ವರ್ಷ ಬೇಕಲ್ವಾ? ಡಿಸ್ನಿಯ ಸೊಗಸಾದ 'ಟ್ಯಾಂಗಲ್ಡ್' ಬಂದದ್ದು 2010ರಲ್ಲಿ, 'ಫ್ರೋಜನ್' 2013ರಲ್ಲಿ.