ನೆಲ ಅಗೆದವರು ಬರೆಯಬೇಕಾದ ಚರಿತ್ರೆ

ಮಲ್ಲೇಶ್ವರದ ಓದುಗರೊಬ್ಬರ ಪತ್ರ: ನೀರು ಸರಬರಾಜು ಕಾಮಗಾರಿಗಳಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತನಾಗಿದ್ದೇನೆ. ನಮ್ಮ ಬಡಾವಣೆಯ ಹಳೆಯ ಸಂಗತಿಗಳನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದೇನೆ. ವಿದ್ವಾಂಸರೊಬ್ಬರು ಅವನ್ನು ನೋಡಿ, ಇದು ಬರೀ ನೆನಪು, ಇತಿಹಾಸವಲ್ಲ ಎಂದರು. ಮುಂದುವರಿಸಲೇ, ಬಿಡಲೇ?

ಸಂಪಾದಕರ ಉತ್ತರ:

ಮಾನ್ಯರೇ, ದಯವಿಟ್ಟು ಬಿಡಬೇಡಿ.

ನಿಮ್ಮ ಬಡಾವಣೆ ರೂಪುಗೊಂಡದ್ದೇ ನಿಮ್ಮ ವೃತ್ತಿಯವರ ನಕ್ಷೆಯಲ್ಲಿ. 1898ರ ಪ್ಲೇಗಿಗೆ ಬೆಂಗಳೂರಿನ ಇಕ್ಕಟ್ಟಾದ ಪೇಟೆಯ ಜನ ಬಲಿಯಾದ ಮೇಲೆ, ಗಾಳಿ ಬೆಳಕು ಆಡುವಂತೆ ರಸ್ತೆ ಎಳೆದು, ಮನೆಗಳ ಹಿಂದೆ ಕಸ, ಹೊಲಸು ಸಾಗಿಸಲು ಕನ್ಸರ್ವೆನ್ಸಿ ಓಣಿ ಬಿಟ್ಟು ಅದನ್ನು ಕಟ್ಟಿದರು. ಎಂಜಿನಿಯರ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಕೆರೆ ಆಗಲೇ ಪಕ್ಕದಲ್ಲಿತ್ತು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯ ನೀರು ನಗರಕ್ಕೆ ಬಂತು. ಇಟ್ಟಿಗೆಯ ಕಾಲುವೆಯಲ್ಲಿ ಹರಿದು, ಸೋಲದೇವನಹಳ್ಳಿಯ ಪಂಪುಗಳಿಂದ ಮೇಲೇರಿದ ಆ ನೀರು ಮುಂದೆ ಶುದ್ಧವಾಗುತ್ತಿದ್ದುದು ನಿಮ್ಮ ಹದಿನೆಂಟನೇ ಅಡ್ಡರಸ್ತೆಯ ನೀರು ಶುದ್ಧೀಕರಣ ಕೇಂದ್ರವಾದ ಜ್ಯುವೆಲ್ ಫಿಲ್ಟರಿನಲ್ಲಿ. ಇಸವಿಗಳು ಪುಸ್ತಕದಲ್ಲಿ ಸಿಗುತ್ತವೆ. ಯಾವ ರಸ್ತೆಯಡಿ ಎರಕದ ಕಬ್ಬಿಣದ ಕೊಳವೆ ಇನ್ನೂ ಗಟ್ಟಿಯಾಗಿದೆ, ಬೇಸಿಗೆಯಲ್ಲಿ ಯಾವ ಬೀದಿಗೆ ನೀರು ಏರುತ್ತಿರಲಿಲ್ಲ, ಏಕೆ ಎಂಬುದು ನಿಮ್ಮಂಥವರ ತಲೆಯಲ್ಲಷ್ಟೇ ಇದೆ.

ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ನೆನೆಯಿರಿ. ಸುಮಾರು ಕ್ರಿ.ಶ. 750ರ ಕನ್ನಡ ಶಾಸನವದು. 2018ರಲ್ಲಿ ಚರಂಡಿ ಕಾಮಗಾರಿಯ ವೇಳೆ ಹೊರಬಂತು. ಅದರ ಬೆಲೆ ತಿಳಿದು ಉಳಿಸಲು ಮುಂದೆ ನಿಂತವರಲ್ಲಿ ವೃತ್ತಿಯಿಂದ ಎಂಜಿನಿಯರ್ ಆದವರಿದ್ದರು. ಅಗೆಯುವ ಜಾಗದಲ್ಲಿ ತಿಳಿದವರಿಲ್ಲದೆ ಚಪ್ಪಡಿಯಾಗಿ ಹೋದ ಕಲ್ಲುಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆದರೂ ವಿದ್ವಾಂಸರ ಆಕ್ಷೇಪದಲ್ಲಿ ಹುರುಳಿದೆ. ನೀವು ಕಳುಹಿಸಿದ ಪುಟಗಳಲ್ಲಿ ಕಣ್ಣಾರೆ ಕಂಡದ್ದೂ ಯಾರೋ ಹೇಳಿದ್ದೂ ಒಂದೇ ಸಾಲಿನಲ್ಲಿ ಬೆರೆತಿವೆ. ಕಂಡದ್ದು, ಕೇಳಿದ್ದು, ಓದಿದ್ದು ಎಂದು ಅಂಚಿನಲ್ಲಿ ಗುರುತು ಹಾಕಿ. ಹೇಳಿದವರು ಯಾರು, ಯಾವಾಗ ಎಂಬುದನ್ನೂ ಬರೆಯಿರಿ. ಸೈಟಿನಲ್ಲಿ ಅಳತೆ ಪುಸ್ತಕ ತುಂಬಿದ ಕೈಗೆ ಇದು ಹೊಸ ಶಿಸ್ತೇನಲ್ಲ. ಕಾಡು ಮಲ್ಲೇಶ್ವರನಿಗೆ ಶಿವಾಜಿಯ ಮಲಸಹೋದರ ಏಕೋಜಿ ದತ್ತಿ ಬಿಟ್ಟ 1669ರ ಶಾಸನದ ಬಗ್ಗೆ ನೀವು ನಾಲ್ಕು ಪುಟ ಬರೆದಿದ್ದೀರಿ. ಅದು ಬೇರೆಡೆ ಅಚ್ಚಾಗಿದೆ, ಒಂದು ಪ್ಯಾರಾ ಸಾಕು. ನಿಮ್ಮೊಡನೆ ದುಡಿದ, ಬೀದಿಗಳಿಗೆ ನೀರು ಬಿಡುವ ವಾಲ್ವ್‌ಮನ್‌ಗಳ ಬಗ್ಗೆ ಮಾತ್ರ ಒಂದೇ ಸಾಲು! ನಡುರಾತ್ರಿ ಕೀಲಿ ಹಿಡಿದು ಓಣಿ ಸುತ್ತಿದವರು ಅವರು. ಈಗಲೇ ಅವರನ್ನು ಹುಡುಕಿ ಮಾತಾಡಿಸಿ.

ಮೊದಲಿಗೆ ಫಿಲ್ಟರಿನ ಕುರಿತ ಪುಟಗಳನ್ನು ಕೊಳವೆ ಮಾರ್ಗದ ನಕ್ಷೆಯೊಂದಿಗೆ ಕಳುಹಿಸಿ. ಕೈಯಲ್ಲೇ ಬರೆದ ನಕ್ಷೆಯಾದರೂ ಸರಿ, ಅಚ್ಚು ಹಾಕುತ್ತೇವೆ.