ಸಿಂಗಾಪುರದ ಸೇನೆಗೆ ನಿಜವಾಗ್ಲೂ ಮೆಕ್ಸಿಕೋದವರು ತರಬೇತಿ ಕೊಟ್ಟರಾ?

ಇಲ್ಲ, ಅವರು ಮೆಕ್ಸಿಕೋದವರಲ್ಲ. ನೀವು ಕೇಳಿದ ಆ 'ಮೆಕ್ಸಿಕನ್ನರು' ಇಸ್ರೇಲಿನ ಸೇನಾಧಿಕಾರಿಗಳು!

1965ರ ಆಗಸ್ಟ್ 9ಕ್ಕೆ ಸಿಂಗಾಪುರ ಮಲೇಷ್ಯಾದಿಂದ ಬೇರೆಯಾದಾಗ ಅದರ ಕೈಲಿದ್ದದ್ದು ಬರೀ ಎರಡು ಪದಾತಿ ಬೆಟಾಲಿಯನ್. ಅದರಲ್ಲೂ ಬಹಳಷ್ಟು ಜನ ಮಲೇಷ್ಯಾದವರೇ. ಪ್ರಧಾನಿ ಲೀ ಕ್ವಾನ್ ಯೂ ಮೊದಲು ಸಹಾಯ ಕೇಳಿದ್ದು ಯಾರನ್ನು ಗೊತ್ತಾ? ನಮ್ಮ ಆಗಿನ ಪ್ರಧಾನಿ ಶಾಸ್ತ್ರಿಯವರನ್ನು, ಜೊತೆಗೆ ಈಜಿಪ್ಟಿನ ಅಧ್ಯಕ್ಷ ನಾಸರ್ ಅವರನ್ನು. ಶುಭಾಶಯ ಬಂತು, ಸೇನಾ ಸಲಹೆಗಾರರು ಬರಲಿಲ್ಲ. ಪಾಕಿಸ್ತಾನದ ಜೊತೆ ಯುದ್ಧದ ಹೊಸ್ತಿಲಲ್ಲಿದ್ದ ನಾವು ಆಗ ಯಾರಿಗೆ ತಾನೇ ನೆರವು ಕೊಡೋಕಾಗುತ್ತಿತ್ತು, ಅಲ್ವಾ?

ಆಮೇಲೆ ಇಸ್ರೇಲಿನವರು ಬಂದರು. ಆದರೆ ಸುತ್ತಮುತ್ತ ಮಲೇಷ್ಯಾ, ಇಂಡೋನೇಷ್ಯಾ. ಎರಡೂ ಕಡೆ ಮುಸ್ಲಿಮರೇ ಜಾಸ್ತಿ, ದೇಶದೊಳಗೂ ಮಲಯ್ ಮುಸ್ಲಿಮರಿದ್ದರು. ಸುದ್ದಿ ಹೊರಬಿದ್ದರೆ ಗಲಾಟೆ ಗ್ಯಾರಂಟಿ. ಅದಕ್ಕೇ ಈ ಸುಳ್ಳು ಹೆಸರು. ಮೈಬಣ್ಣ ಸ್ವಲ್ಪ ಕಂದು, ನಂಬುವ ಹಾಗಿತ್ತು ಅಂತ ಲೀ ಅವರೇ ಬರೆದಿದ್ದಾರೆ.

ಕಡ್ಡಾಯ ಸೇನಾ ಸೇವೆ ಶುರುವಾಗಿದ್ದು 1967ರಲ್ಲಿ. ದೊಡ್ಡ ಸೇನೆಗೆ ಸಂಬಳ ಕೊಡೋ ಶಕ್ತಿ ಇರಲಿಲ್ಲ. ಹುಡುಗರನ್ನು ಪಳಗಿಸಿ ಮನೆಗೆ ಕಳಿಸಿ, ಬೇಕಾದಾಗ ವಾಪಸ್ ಕರೆಸೋದು ಇಸ್ರೇಲಿನದೇ ಲೆಕ್ಕಾಚಾರ. ಆದರೆ ಸಿಂಗಾಪುರದ ಚೀನೀ ಮೂಲದ ತಾಯಂದಿರಿಗೆ ಇದು ಇಷ್ಟವಿರಲಿಲ್ಲ. 'ಒಳ್ಳೆ ಕಬ್ಬಿಣದಲ್ಲಿ ಮೊಳೆ ಮಾಡಲ್ಲ, ಒಳ್ಳೆ ಮಗನನ್ನು ಸಿಪಾಯಿ ಮಾಡಲ್ಲ' ಅಂತ ಅವರಲ್ಲೊಂದು ಹಳೇ ಗಾದೆ. ಹಾಗಾಗಿ ಮೊದಲ ತಂಡಗಳಿಗೆ ಬಡಾವಣೆಯ ಸಮುದಾಯ ಭವನದಲ್ಲಿ ಊಟ ಹಾಕಿಸಿ, ಮದುವೆ ದಿಬ್ಬಣದ ಹಾಗೆ ಬೀಳ್ಕೊಟ್ಟರು.

1969ರ ರಾಷ್ಟ್ರೀಯ ದಿನದ ಪೆರೇಡಿನಲ್ಲಿ ಎಎಂಎಕ್ಸ್-13 ಟ್ಯಾಂಕುಗಳು ಸಾಲಾಗಿ ಹೊರಟವು. ಆಗ ಮಲೇಷ್ಯಾದ ಹತ್ತಿರ ಒಂದೂ ಟ್ಯಾಂಕ್ ಇರಲಿಲ್ಲ.