ಗಿಡಮೂಲಿಕೆ ಹಿಡಿದು ಮೆಸಲಮೈನ್ ಬಿಡುವ ಮುನ್ನ

ಗಿಡಮೂಲಿಕೆಗಳು ಕರುಳಿನ ಉರಿಯೂತವನ್ನು ಹೇಗೆ ತಗ್ಗಿಸುತ್ತವೆ, ಅವುಗಳನ್ನು ನಂಬಿ ಕರುಳಿನ ಉರಿಯೂತಕ್ಕೆ ವೈದ್ಯರು ಕೊಡುವ ಮೆಸಲಮೈನ್ ಔಷಧವನ್ನು ಬಿಡಬಹುದೇ ಎಂದು ಕೇಳಿದ್ದೀರಿ. ನನಗೂ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗುವ ಕಾಯಿಲೆ, ಇದೆ. ನಿಮ್ಮ ಎರಡನೆಯ ಪ್ರಶ್ನೆಯನ್ನು ನಾನು ಯಾರನ್ನೂ ಕೇಳದೆ ನನ್ನ ಮೇಲೆಯೇ ಪ್ರಯೋಗಿಸಿ ನೋಡಿದವನು.

ಮಲದಲ್ಲಿ ರಕ್ತ ಹೋಗುವುದು ನಿಂತು ನೆಮ್ಮದಿಯಾಗಿದ್ದ ಕಾಲದಲ್ಲಿ ಅರಿಶಿನದ ಕರ್ಕ್ಯುಮಿನ್ ಬಗ್ಗೆ ಓದಿದೆ. ಉರಿಯೂತಕ್ಕೆ ಚಾಲನೆ ಕೊಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿನ ಚಟುವಟಿಕೆಯನ್ನು ಅದು ತಗ್ಗಿಸುತ್ತದೆ. ರಕ್ತಕ್ಕೆ ಸೇರುವುದು ತೀರಾ ಕಡಿಮೆಯಾದ್ದರಿಂದ ಬಹುಪಾಲು ಕರುಳಿನಲ್ಲಿಯೇ ಉಳಿಯುತ್ತದೆ, ಈ ಕಾಯಿಲೆಯ ಮಟ್ಟಿಗೆ ಅದು ಅನುಕೂಲವೇ. 2015ರಲ್ಲಿ ಪ್ರಕಟವಾದ 50 ರೋಗಿಗಳ ಅಧ್ಯಯನದಲ್ಲಿ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ತೆಗೆದುಕೊಂಡವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದು ತಿಂಗಳಲ್ಲಿ ರೋಗ ಶಮನವಾಗಿತ್ತು, ಹುಸಿ ಮಾತ್ರೆ ಪಡೆದವರಲ್ಲಿ ಒಬ್ಬರಿಗೂ ಆಗಿರಲಿಲ್ಲ. ಇಷ್ಟು ಓದಿದ ನಾನು ಮೆಸಲಮೈನ್ ನಿಲ್ಲಿಸಿದೆ.

ಆ ಅಧ್ಯಯನದ ಎರಡೂ ಗುಂಪಿನವರು ಮೆಸಲಮೈನ್ ಸೇವಿಸುತ್ತಲೇ ಇದ್ದರು. ಮೆಸಲಮೈನ್ ಒಂದರಿಂದಲೇ ಹತೋಟಿಗೆ ಬಾರದವರಿಗೆ ಅದರ ಜೊತೆಗೆ ಕರ್ಕ್ಯುಮಿನ್ ಕೊಟ್ಟರೆ ಏನಾಗುತ್ತದೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಮೆಸಲಮೈನ್ ತೆಗೆದು ಆ ಜಾಗದಲ್ಲಿ ಕರ್ಕ್ಯುಮಿನ್ ಇಟ್ಟರೆ ಏನಾಗುತ್ತದೆ ಎಂದು ಅವರು ಪರೀಕ್ಷಿಸಲೇ ಇಲ್ಲ, ಪರೀಕ್ಷಿಸಿದ್ದಾರೆಂದು ಭಾವಿಸಿದವನು ನಾನು. 2006ರ ಜಪಾನಿನ ಅಧ್ಯಯನವೂ ಹೀಗೆಯೇ: ಮೂಲ ಔಷಧದ ಜೊತೆಗೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಪಡೆದವರಲ್ಲಿ ರೋಗ ಮರುಕಳಿಸಿದ್ದು ಕಡಿಮೆ. 'ಜೊತೆಗೆ' ಎಂಬುದನ್ನು 'ಬದಲಿಗೆ' ಎಂದು ಓದಿಕೊಂಡದ್ದು ಸಾಲದೆಂಬಂತೆ, ನೋವಿಲ್ಲವಾದ್ದರಿಂದ ಉರಿಯೂತವೂ ಇಲ್ಲವೆಂದುಕೊಂಡೆ. ಹೊರಗೆ ಯಾವ ಲಕ್ಷಣವೂ ಕಾಣದೆ ಲೋಳೆಪದರದಲ್ಲಿ ಉರಿಯೂತ ಮುಂದುವರಿಯಬಹುದು; ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಅದರ ಸುಳಿವು ಕೊಡುತ್ತದೆ. ನಾನು ಮಾಡಿಸಿರಲಿಲ್ಲ. ಮತ್ತೆ ರಕ್ತ ಕಾಣಿಸಿಕೊಂಡಾಗ ಹಳೆಯ ಮಾತ್ರೆಗೆ ಮರಳಿದರೂ ರೋಗ ಜಗ್ಗಲಿಲ್ಲ, ಸ್ಟಿರಾಯ್ಡ್ ಹಿಡಿಯಬೇಕಾಯಿತು.

ಆದ್ದರಿಂದ 'ಹೇಗೆ ಕೆಲಸ ಮಾಡುತ್ತವೆ' ಎಂಬ ನಿಮ್ಮ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು ಎನ್ನುತ್ತೇನೆ. ಬಾಸ್ವೆಲಿಯಾ ಮರದ ಅಂಟು ಉರಿಯೂತದ ರಾಸಾಯನಿಕಗಳನ್ನು ತಯಾರಿಸುವ 5-ಲಿಪಾಕ್ಸಿಜನೇಸ್ ಕಿಣ್ವವನ್ನು ತಡೆಯುತ್ತದೆ, ವಿವರಣೆ ಸೊಗಸಾಗಿದೆ. ಆದರೆ ಕರುಳಿನದೇ ಇನ್ನೊಂದು ಉರಿಯೂತವಾದ ಕ್ರೋನ್ಸ್ ಕಾಯಿಲೆ ಮರುಕಳಿಸದಂತೆ ತಡೆಯುವ ಪರೀಕ್ಷೆಯಲ್ಲಿ ಅದು ಹುಸಿ ಮಾತ್ರೆಯನ್ನು ಮೀರಿಸಲಿಲ್ಲ. ನೀಲಿ ಗಿಡಗಳಿಂದ ತೆಗೆಯುವ ಚೀನೀ ಔಷಧ ಛಿಂಗ್ ಡೈ ಕೊಲೈಟಿಸ್‌ಗೆ ನಿಜಕ್ಕೂ ಪ್ರಬಲ, ಕರುಳಿನ ಒಳಪದರದ ಹುಣ್ಣನ್ನೂ ಮಾಯಿಸುತ್ತದೆ. ಆದರೆ ಅದನ್ನು ಸೇವಿಸಿದ ಕೆಲವರಿಗೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ್ದು ವರದಿಯಾಗಿದೆ. ಮೂಲಿಕೆಯಾದ್ದರಿಂದ ಅಪಾಯವಿಲ್ಲ ಎನ್ನುವವರ ಮಾತಿಗೆ ನನ್ನಲ್ಲಿ ಈಗ ಕಿಂಚಿತ್ತೂ ತಾಳ್ಮೆ ಉಳಿದಿಲ್ಲ.

ಕರ್ಕ್ಯುಮಿನ್ ಬೇಕೆಂದಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ, ಮೆಸಲಮೈನ್ ಜೊತೆಗೆ ತೆಗೆದುಕೊಳ್ಳಿ. ಹೀರಿಕೆ ಹೆಚ್ಚಿಸಲೆಂದು ಕರಿಮೆಣಸಿನ ಪೈಪರಿನ್ ಬೆರೆಸಿದ ಮಾತ್ರೆ ಬೇಡ. ಔಷಧ ಕರುಳಿನಲ್ಲಿ ಉಳಿಯಲೆಂದು ಬಯಸುವ ನಮಗೆ ಅದರ ಅಗತ್ಯವಿಲ್ಲ, ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಹಲವು ಪ್ರಕರಣಗಳಲ್ಲಿ ಪೈಪರಿನ್ ಬೆರೆಸಿದವೂ ಇವೆ.